ವರ್ಚುವಲ್ ಯಂತ್ರಗಳ ಪ್ರಥಮಾರಂಭ

೧. ವಿಷಯಪ್ರವೇಶ

ಒಂದು ಗಣಕಯಂತ್ರದ ಒಡಲಿನಲ್ಲಿ ಹಲವು ಗಣಕಯಂತ್ರಗಳು ಏಕಕಾಲದಲ್ಲಿ ಇರಬಲ್ಲುವೆಂದರೆ, ವಿಷಯವನ್ನು ಅರಿಯದವರಿಗೆ ಒಗಟಿನಂತೆ ತೋರಬಹುದು. ಆದರೆ ಇಂಟರ್ನೆಟ್ಟಿನ ಮೂಲಕ ಈಗ ನಡೆಯುತ್ತಿರುವ ವ್ಯವಹಾರಗಳಲ್ಲಿ ಬಹುಭಾಗವು ಇಂತಹ ಒಳಯಂತ್ರಗಳನ್ನೇ ಅವಲಂಬಿಸಿರುವುದು. ನಿಜಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕು, ಜಾಲಸಂಪರ್ಕ ಇವುಗಳನ್ನು ಹೈಪರ್‌ವೈಸರ್ ಎಂಬ ಸಾಫ್ಟ್‌ವೇರು ಪಾಲುಮಾಡಿ, ಒಂದೊಂದು ಪಾಲೂ ತಾನೇ ಪೂರ್ಣವಾದ ಒಂದು ಯಂತ್ರವೆಂದು ತೋರುವಂತೆ ಏರ್ಪಡಿಸುವುದು. ಹೀಗೆ ತೋರುವ ಯಂತ್ರಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ವರ್ಚುವಲ್ ಯಂತ್ರವೆಂದು ಕರೆಯುವೆವು. ಈ ಕಲ್ಪನೆ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯವರು ಅಮೆರಿಕದ ಕೇಂಬ್ರಿಜ್ ಪಟ್ಟಣದ ತಮ್ಮ ಕೇಂದ್ರದಲ್ಲಿ ೧೯೬೦ರ ದಶಕದಲ್ಲಿಯೇ ಇದನ್ನು ಸಾಧಿಸಿ, ೧೯೭೨ರಲ್ಲಿ ವಿ.ಎಂ./೩೭೦ ಎಂಬ ಹೆಸರಿನಿಂದ ಪ್ರಕಟಪಡಿಸಿದರು. ಯಂತ್ರವೊಂದು ಹೀಗೆ ಪಾಲಾಗಬೇಕಾದರೆ ಅದರ ರಚನೆ ಎಂತಹುದಾಗಿರಬೇಕೆಂಬುದನ್ನು ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರಿಬ್ಬರು ಸೂತ್ರರೂಪವಾಗಿ ನಿರೂಪಿಸಿದರು.

ವರ್ಚುವಲ್ ಯಂತ್ರದ ಡಿಸ್ಕು ನಿಜಯಂತ್ರದ ಪಾಲಿಗೆ ಒಂದು ಕಡತ ಮಾತ್ರ. ಕಡತವನ್ನು ನಕಲುಮಾಡುವುದು ಅಲ್ಪಕಾಲದ ಕೆಲಸ. ಆದುದರಿಂದ ಒಂದು ಡಿಸ್ಕಿನಲ್ಲಿ ಲಿನಕ್ಸ್ ಮೊದಲಾದ ಕಾರ್ಯವ್ಯವಸ್ಥೆಯನ್ನು ಒಮ್ಮೆ ಸ್ಥಾಪಿಸಿಟ್ಟುಕೊಂಡರೆ, ಅದರಿಂದ ನೂರು ಯಂತ್ರಗಳನ್ನಾದರೂ ಸಾವಿರ ಯಂತ್ರಗಳನ್ನಾದರೂ ಪಡೆಯಬಹುದು. ಇಂತಹ ಮೊದಲ ಡಿಸ್ಕನ್ನು ಇಮೇಜ್ ಎನ್ನುವರು. ನಾವು ಮೂಲಪ್ರತಿ ಎನ್ನೋಣ. ಆದರೆ ನಕಲು ಎಷ್ಟು ಸುಲಭವೋ ಅಷ್ಟೇ ತೊಡಕಿಗೂ ಅದು ಎಡೆಗೊಡುವುದು. ಸಾವಿರ ಪ್ರತಿಗಳು ಎಲ್ಲ ವಿಷಯಗಳಲ್ಲಿಯೂ ಒಂದೇ ಆಗಿದ್ದರೆ ಅವುಗಳಿಂದ ಪ್ರಯೋಜನವಿಲ್ಲ. ಒಂದೊಂದಕ್ಕೂ ತನ್ನದೇ ಆದ ಹೆಸರು, ವಿಳಾಸ, ಕೀಲಿ, ಕೆಲಸ ಇವು ಇರಬೇಕು.

ವ್ಯಾಕರಣದ ಪರಿಭಾಷೆ ಇಲ್ಲಿ ನಮಗೆ ನೆರವಾಗುವುದು. ‘ಮರ’ ಎಂಬುದು ಪ್ರಕೃತಿ. ಇದಕ್ಕೆ ಪ್ರತ್ಯಯ ಸೇರಿ ‘ಮರವನ್ನು’, ‘ಮರದಿಂದ’, ‘ಮರಕ್ಕೆ’ ಎಂದಾದಾಗಲೇ ಅದು ವಾಕ್ಯದಲ್ಲಿ ನಿಲ್ಲತಕ್ಕ ಪದವಾಗುವುದು. ಮೂಲಪ್ರತಿಯು ಪ್ರಕೃತಿಯಂತೆ, ಒಂದೊಂದು ಯಂತ್ರಕ್ಕೂ ವಿಶೇಷವಾದ ವಿವರಗಳು ಪ್ರತ್ಯಯದಂತೆ, ಎರಡೂ ಸೇರಿ ಕೆಲಸಕ್ಕೆ ನಿಂತ ಯಂತ್ರವು ಪದದಂತೆ. ಈ ಪ್ರತ್ಯಯವನ್ನು ಯಾರು, ಯಾವಾಗ, ಎಲ್ಲಿಂದ ತಂದು ಸೇರಿಸಬೇಕು? ಹಾಗೆ ತಂದುದನ್ನು ಎಷ್ಟರಮಟ್ಟಿಗೆ ನಂಬಬಹುದು? ಇದೇ ಪ್ರಕೃತ ಲೇಖನದ ವಿಷಯ.

೨. ನಕಲಿನಿಂದ ಬರುವ ದೋಷಗಳು

ಮೊದಲು ಸಾಮಾನ್ಯವಾದ ಒಂದು ದೋಷವನ್ನು ನೋಡೋಣ. ಈಗಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದೊಂದು ಯಂತ್ರಕ್ಕೂ ೧೨೮ ಬಿಟ್ಟುಗಳ ಒಂದು ಗುರುತಿನ ಸಂಖ್ಯೆಯುಂಟು. ಇದು ಸ್ಥಾಪನೆಯ ಕಾಲದಲ್ಲಿ ಹುಟ್ಟಿ ಡಿಸ್ಕಿನಲ್ಲಿ ಉಳಿಯುವುದು. ಜಾಲದಲ್ಲಿ ವಿಳಾಸಗಳನ್ನು ಹಂಚುವ ಡಿ.ಎಚ್.ಸಿ.ಪಿ. ಸರ್ವರನ್ನು ಯಂತ್ರವು ವಿಳಾಸ ಕೇಳುವಾಗ, ಕೆಲವು ವ್ಯವಸ್ಥೆಗಳಲ್ಲಿ ಈ ಸಂಖ್ಯೆಯಿಂದ ಹುಟ್ಟಿಸಿದ ಗುರುತನ್ನೇ ಮುಂದಿಡುವುದು. ಮೂಲಪ್ರತಿಯೊಡನೆ ಈ ಸಂಖ್ಯೆಯೂ ನಕಲಾದರೆ, ಹತ್ತು ಯಂತ್ರಗಳು ಬಂದು ಕೇಳಿದರೂ ಸರ್ವರಿಗೆ ಅವೆಲ್ಲ ಒಂದೇ ಯಂತ್ರವೆಂದು ತೋರಿ, ಎಲ್ಲಕ್ಕೂ ಒಂದೇ ವಿಳಾಸ ಸಿಕ್ಕಬಹುದು. ಜಾಲದ ಕಾರ್ಡುಗಳ ಸಂಖ್ಯೆಗಳು ಬೇರೆಬೇರೆಯಾಗಿದ್ದರೂ ಹೀಗಾಗುವುದರಿಂದ, ಕಾರಣವನ್ನು ಹುಡುಕುವವರು ಬಹಳ ಹೊತ್ತು ಬಳಲುವರು.

ಎರಡನೆಯ ದೋಷವು ಇದಕ್ಕಿಂತ ಘೋರವಾದುದು. ದೂರದ ಯಂತ್ರವನ್ನು ಎಸ್.ಎಸ್.ಎಚ್. ಎಂಬ ಪದ್ಧತಿಯಿಂದ ಪ್ರವೇಶಿಸುವಾಗ, ಆ ಯಂತ್ರವು ತನ್ನಲ್ಲಿರುವ ರಹಸ್ಯಕೀಲಿಯ ಮೂಲಕ ತಾನೇ ತಾನೆಂದು ಪ್ರಮಾಣಪಡಿಸಬೇಕು. ಈ ಕೀಲಿಯು ಮೂಲಪ್ರತಿಯಲ್ಲಿಯೇ ಇದ್ದುಬಿಟ್ಟರೆ, ಒಂದು ನಕಲನ್ನು ವಶದಲ್ಲಿಟ್ಟುಕೊಂಡವನು ಉಳಿದೆಲ್ಲ ನಕಲುಗಳ ವೇಷವನ್ನು ಧರಿಸಬಲ್ಲನು. ಮೂಲಪ್ರತಿಯು ಸಾರ್ವಜನಿಕರೆಲ್ಲರಿಗೂ ದೊರೆಯತಕ್ಕುದಾದರಂತೂ ರಹಸ್ಯವೆಂಬ ಮಾತಿಗೆ ಅರ್ಥವೇ ಇಲ್ಲ. ಆದುದರಿಂದ ಕೀಲಿಯು ಮೂಲಪ್ರತಿಯಲ್ಲಿ ಇರಕೂಡದು. ಆಯಾ ಯಂತ್ರದಲ್ಲಿಯೇ, ಅದು ಮೊದಲ ಸಲ ಎದ್ದಾಗ ಹುಟ್ಟಬೇಕು.

ಹಾಗೆ ಹುಟ್ಟಿದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕೀಲಿಯು ಊಹೆಗೆ ನಿಲುಕದಿರಬೇಕಾದರೆ ಯಾದೃಚ್ಛಿಕ ಸಂಖ್ಯೆಗಳು ಬೇಕು. ಆಗತಾನೆ ಎದ್ದ ಯಂತ್ರದಲ್ಲಿ ಅವುಗಳ ಸಂಗ್ರಹ ಬಹಳ ಕಡಮೆ. ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಇಂಟರ್ನೆಟ್ಟಿನ ಯಂತ್ರಗಳನ್ನು ಸಮಗ್ರವಾಗಿ ಪರಿಶೀಲಿಸಿ ೨೦೧೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಟಿ.ಎಲ್.ಎಸ್. ಪದ್ಧತಿಯ ಯಂತ್ರಗಳಲ್ಲಿ ನೂರಕ್ಕೆ ೦.೫೦ರಷ್ಟರ ಆರ್.ಎಸ್.ಎ. ರಹಸ್ಯಕೀಲಿಗಳನ್ನು ತಾವು ಲೆಕ್ಕದಿಂದಲೇ ಕಂಡುಹಿಡಿದುದಾಗಿ ತಿಳಿಸಿದರು. ಇವುಗಳಲ್ಲಿ ಬಹುಪಾಲು ವರ್ಚುವಲ್ ಯಂತ್ರಗಳಲ್ಲ, ರೂಟರು ಮೊದಲಾದ ಸಣ್ಣ ಸಾಧನಗಳು. ಆದರೂ ಕಾರಣ ಎರಡು ಕಡೆಗೂ ಅನ್ವಯಿಸತಕ್ಕುದು: ಕೀಲಿಯನ್ನು ಮೊದಲ ಬೂಟಿನಲ್ಲಿ, ಯಾದೃಚ್ಛಿಕತೆ ಸಾಲದ ಗಳಿಗೆಯಲ್ಲಿ ಹುಟ್ಟಿಸಿದುದು. ಇದರ ಪರಿಹಾರಾರ್ಥವಾಗಿ, ಹೈಪರ್‌ವೈಸರು ತನ್ನ ಸಂಗ್ರಹದಿಂದ ಒಳಯಂತ್ರಕ್ಕೆ ಯಾದೃಚ್ಛಿಕ ಬಿಟ್ಟುಗಳನ್ನು ಒದಗಿಸುವ ಏರ್ಪಾಡುಗಳು ಬಳಕೆಗೆ ಬಂದಿವೆ.

೩. ಪ್ರಥಮಾರಂಭ ವ್ಯವಸ್ಥೆಯ ಉದಯ

ವಿದ್ಯುತ್ತು ಹರಿದ ಗಳಿಗೆಯಿಂದ ಮೊದಲುಗೊಂಡು ಯಂತ್ರವು ಕೆಲಸಕ್ಕೆ ಸಿದ್ಧವಾಗುವವರೆಗಿನ ಕ್ರಮಕ್ಕೆ ಬೂಟ್ ಎಂದು ಹೆಸರು. ಪ್ರತ್ಯಯವನ್ನು ಸೇರಿಸುವುದಕ್ಕೆ ಮೂರು ಮಾರ್ಗಗಳುಂಟು. ಬೂಟ್ ಆದ ಬಳಿಕ ಮನುಷ್ಯನೊಬ್ಬನು ಒಂದೊಂದು ಯಂತ್ರವನ್ನೂ ಪ್ರವೇಶಿಸಿ ಕೈಯಿಂದ ತಿದ್ದುವುದು ಮೊದಲನೆಯದು. ಯಂತ್ರಗಳು ಹತ್ತನ್ನು ದಾಟಿದರೆ ಇದು ಸಾಗದು. ಒಂದೊಂದು ಉದ್ದೇಶಕ್ಕೂ ಒಂದೊಂದು ಮೂಲಪ್ರತಿಯನ್ನು ಸಿದ್ಧಪಡಿಸುವುದು ಎರಡನೆಯದು. ಇದರಿಂದ ಮೂಲಪ್ರತಿಗಳೇ ಬೆಳೆದು, ಒಂದು ಸಣ್ಣ ತಿದ್ದುಪಡಿಯನ್ನು ಎಲ್ಲದರಲ್ಲಿಯೂ ಮಾಡಬೇಕಾಗುವುದು. ಮೂಲಪ್ರತಿ ಒಂದೇ ಇದ್ದು, ಯಂತ್ರವು ಮೊದಲ ಬೂಟಿನಲ್ಲಿ ತನ್ನ ವಿವರಗಳನ್ನು ತಾನೇ ಕೇಳಿ ತಿಳಿದು ತನ್ನನ್ನು ತಾನೇ ಅಣಿಮಾಡಿಕೊಳ್ಳುವುದು ಮೂರನೆಯದು. ಈಗ ಪ್ರಬಲವಾಗಿರುವುದು ಇದೇ.

ಅಮೆಜಾನ್ ಸಂಸ್ಥೆಯವರು ೨೦೦೬ರಲ್ಲಿ ವರ್ಚುವಲ್ ಯಂತ್ರಗಳನ್ನು ಬಾಡಿಗೆಗೆ ಕೊಡುವ ಇ.ಸಿ.೨ ಎಂಬ ಸೇವೆಯನ್ನು ಆರಂಭಿಸಿದರು. ಈ ಸೇವೆಯಲ್ಲಿ ಉಬುಂಟು ಎಂಬ ಲಿನಕ್ಸನ್ನು ನಡೆಸುವುದಕ್ಕಾಗಿ ಕೆನಾನಿಕಲ್ ಸಂಸ್ಥೆಯಲ್ಲಿ ಇ.ಸಿ.೨-ಇನಿಟ್ ಎಂಬ ಸಾಧನವು ಹುಟ್ಟಿ, ಮುಂದೆ ಇತರ ಸೇವೆಗಳಿಗೂ ಒಗ್ಗಿಕೊಂಡು ಕ್ಲೌಡ್-ಇನಿಟ್ ಎಂಬ ಹೆಸರನ್ನು ಪಡೆಯಿತು. ಇದರ ನಿರ್ಮಾಣದಲ್ಲಿ ಸ್ಕಾಟ್ ಮೋಸರ್ ಎಂಬವರು ಪ್ರಮುಖರು. ಪೈಥಾನ್ ಭಾಷೆಯಲ್ಲಿ ರಚಿತವಾದ ಈ ಸಾಧನವು ಈಗ ಡೆಬಿಯನ್, ಫೆಡೋರಾ, ರೆಡ್ ಹ್ಯಾಟ್, ಸೂಸೆ ಮೊದಲಾದ ಬಗೆಗಳ ಮೂಲಪ್ರತಿಗಳಲ್ಲಿಯೂ ಬಳಕೆಯಾಗುತ್ತಿದೆ. ಆದುದರಿಂದ ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದಿನ ವಿಚಾರವನ್ನು ಮಾಡುವೆವು.

೪. ವಿವರಗಳು ಬರುವ ದಾರಿ

ಆಗತಾನೆ ಎದ್ದ ಯಂತ್ರಕ್ಕೆ ತನ್ನ ಹೆಸರೂ ತಿಳಿಯದು, ವಿಳಾಸವೂ ತಿಳಿಯದು. ವಿಳಾಸವಿಲ್ಲದೆ ಜಾಲದಲ್ಲಿ ಯಾರನ್ನಾದರೂ ಕೇಳುವುದು ಹೇಗೆ? ಕೇಳದೆ ವಿಳಾಸ ತಿಳಿಯುವುದು ಹೇಗೆ? ಈ ಅನ್ಯೋನ್ಯಾಶ್ರಯ ದೋಷವನ್ನು ಎರಡು ಬಗೆಯಲ್ಲಿ ಪರಿಹರಿಸಿರುವರು.

ಮೊದಲನೆಯ ಬಗೆಯಲ್ಲಿ ಎಲ್ಲ ಯಂತ್ರಗಳಿಗೂ ಮುಂಚಿತವಾಗಿ ಗೊತ್ತಿರುವ ಒಂದು ವಿಳಾಸವನ್ನು ಆರಿಸಿಕೊಂಡಿರುವರು. ೧೬೯.೨೫೪ ಎಂದು ಆರಂಭವಾಗುವ ವಿಳಾಸಗಳು ಆಯಾ ಜಾಲಖಂಡದ ಒಳಗೆ ಮಾತ್ರ ಸಲ್ಲತಕ್ಕುವು. ರೂಟರುಗಳು ಅವನ್ನು ಹೊರಕ್ಕೆ ಸಾಗಿಸುವುದಿಲ್ಲ. ಇವುಗಳಲ್ಲಿ ೧೬೯.೨೫೪.೧೬೯.೨೫೪ ಎಂಬುದರಲ್ಲಿ ಸೇವಾದಾತನು ವಿವರಗಳನ್ನು ಇಟ್ಟಿರುವನು. ಯಾವ ಯಂತ್ರ ಕೇಳುವುದೋ ಅದಕ್ಕೆ ಸಂಬಂಧಪಟ್ಟ ವಿವರಗಳೇ ಅದಕ್ಕೆ ದೊರೆಯುವುವು. ಇ.ಸಿ.೨ ಸೇವೆಯಲ್ಲಿ ಮೊದಲಾದ ಈ ಸಂಪ್ರದಾಯವನ್ನು ಬೇರೆ ಹಲವು ಸೇವೆಗಳವರೂ ಅನುಸರಿಸಿರುವರು. ಎರಡನೆಯ ಬಗೆಯಲ್ಲಿ ಜಾಲದ ಗೊಡವೆಯೇ ಇಲ್ಲ. ವಿವರಗಳನ್ನು ಒಂದು ಸಣ್ಣ ಡಿಸ್ಕಿನಲ್ಲಿ ಬರೆದು ಯಂತ್ರಕ್ಕೆ ಜೋಡಿಸುವರು. ಆ ಡಿಸ್ಕಿಗೆ ‘ಸಿಐಡೇಟಾ’ ಎಂಬ ಚೀಟಿಹೆಸರಿದ್ದರೆ ಕ್ಲೌಡ್-ಇನಿಟ್ ಅದನ್ನು ಗುರುತಿಸಿ ಓದಿಕೊಳ್ಳುವುದು. ತಮ್ಮ ಮೇಜಿನ ಮೇಲಿನ ಯಂತ್ರದಲ್ಲಿಯೇ ಪ್ರಯೋಗಮಾಡಿ ನೋಡತಕ್ಕವರಿಗೆ ಇದು ಬಹಳ ಅನುಕೂಲವಾದುದು.

ಹೀಗೆ ಬರುವ ವಿವರಗಳು ಎರಡು ವಿಧ. ಯಂತ್ರದ ಗುರುತು, ಹೆಸರು, ಜಾಲ ಮೊದಲಾಗಿ ಸೇವಾದಾತನು ತಿಳಿಸತಕ್ಕವು ಮೆಟಾ-ಡೇಟಾ. ಯಂತ್ರವನ್ನು ಪಡೆದವನು ತನ್ನ ಇಚ್ಛೆಯನ್ನು ಬರೆದು ಕಳುಹಿಸತಕ್ಕುದು ಯೂಸರ್-ಡೇಟಾ. ಇ.ಸಿ.೨ರಲ್ಲಿ ಈ ಎರಡನೆಯದಕ್ಕೆ ೧೬ ಕಿಲೋಬೈಟುಗಳ ಮಿತಿಯುಂಟು. ಇದನ್ನು ಶೆಲ್ ಆಜ್ಞೆಗಳ ರೂಪದಲ್ಲಿಯಾದರೂ ಬರೆಯಬಹುದು. ‘ಕ್ಲೌಡ್-ಕಾನ್ಫಿಗ್’ ಎಂಬ ತಲೆಬರಹವುಳ್ಳ, ಯಾಮಲ್ ಕ್ರಮದ ಪಟ್ಟಿಯ ರೂಪದಲ್ಲಿಯಾದರೂ ಬರೆಯಬಹುದು. ಮೊದಲನೆಯದರಲ್ಲಿ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ವಿಧಿಸುವೆವು. ಎರಡನೆಯದರಲ್ಲಿ ಆಗಬೇಕಾದ ಸ್ಥಿತಿಯನ್ನು ಹೇಳುವೆವು: ಇಂತಹ ಬಳಕೆದಾರನಿರಲಿ, ಅವನ ಪ್ರವೇಶಕ್ಕೆ ಇಂತಹ ಬಹಿರಂಗಕೀಲಿ ಸಲ್ಲಲಿ, ಇಂತಹ ಸಾಫ್ಟ್‌ವೇರುಗಳು ಸ್ಥಾಪಿತವಾಗಲಿ, ಎಂದು.

೫. ಕೆಲಸದ ಹಂತಗಳು

ಬೂಟಿನಲ್ಲಿ ಪೂರ್ವಾಪರಕ್ರಮವು ಮುಖ್ಯವಾದುದರಿಂದ ಕ್ಲೌಡ್-ಇನಿಟ್ ತನ್ನ ಕೆಲಸವನ್ನು ಐದು ಹಂತಗಳಾಗಿ ವಿಂಗಡಿಸಿಕೊಂಡಿದೆ. ಮೊದಲು ತಾನು ಯಾವ ಬಗೆಯ ನೆಲೆಯಲ್ಲಿರುವೆನೆಂಬುದನ್ನು ಹೈಪರ್‌ವೈಸರಿನ ಕುರುಹುಗಳಿಂದಲೂ ಡಿಸ್ಕುಗಳ ಚೀಟಿಹೆಸರುಗಳಿಂದಲೂ ಊಹಿಸುವುದು; ವಿವರಗಳ ಮೂಲವೇ ಕಾಣದಿದ್ದರೆ ಸುಮ್ಮನೆ ಹಿಂದೆ ಸರಿಯುವುದು. ಎರಡನೆಯದಾಗಿ, ಜಾಲವು ಇನ್ನೂ ಏಳದಿರುವಾಗಲೇ, ಜಾಲದ ಏರ್ಪಾಡು ಹೇಗಿರಬೇಕೆಂಬುದನ್ನು ಬರೆದಿಡುವುದು. ಈ ಕೆಲಸ ಮುಗಿಯುವವರೆಗೆ ಜಾಲವು ಕಾದಿರಬೇಕು. ಮೂರನೆಯದಾಗಿ, ಜಾಲವೆದ್ದ ಬಳಿಕ, ಯೂಸರ್-ಡೇಟಾವನ್ನು ಪೂರ್ಣವಾಗಿ ತರಿಸಿಕೊಂಡು, ಡಿಸ್ಕಿನ ವಿಭಾಗವನ್ನು ದೊರೆತಷ್ಟು ಅಳತೆಗೆ ಹಿಗ್ಗಿಸಿ, ಯಂತ್ರಕ್ಕೆ ಹೆಸರಿಟ್ಟು, ಬಳಕೆದಾರರನ್ನು ಏರ್ಪಡಿಸಿ, ಹಳೆಯ ಎಸ್.ಎಸ್.ಎಚ್. ಕೀಲಿಗಳೇನಾದರೂ ಉಳಿದಿದ್ದರೆ ಅಳಿಸಿ ಹೊಸವನ್ನು ಹುಟ್ಟಿಸುವುದು. ನಾಲ್ಕನೆಯದಾಗಿ ಕಾಲವಲಯ, ಗಡಿಯಾರದ ಹೊಂದಾಣಿಕೆ ಮೊದಲಾದುವು ನಡೆಯುವುವು. ಕೊನೆಯದಾಗಿ ಸಾಫ್ಟ್‌ವೇರುಗಳ ಸ್ಥಾಪನೆಯೂ, ಬಳಕೆದಾರನು ಬರೆದ ಆಜ್ಞೆಗಳ ನಿರ್ವಾಹವೂ ಆಗುವುವು.

ಹೊಸ ಕೀಲಿಗಳ ಮುದ್ರೆಗುರುತುಗಳನ್ನು ಕ್ಲೌಡ್-ಇನಿಟ್ ಯಂತ್ರದ ಕನ್ಸೋಲಿನ ಮೇಲೆ ಬರೆದು ತೋರಿಸುವುದೆಂಬುದನ್ನು ಇಲ್ಲಿ ಗಮನಿಸಬೇಕು. ಯಂತ್ರವನ್ನು ದೂರದಿಂದ ಮೊದಲ ಸಲ ಪ್ರವೇಶಿಸುವವನು, ತಾನು ಕಂಡ ಗುರುತು ಕನ್ಸೋಲಿನ ಗುರುತಿಗೆ ಸರಿಯಾಗಿದೆಯೇ ಎಂದು ಹೋಲಿಸಿ ನೋಡಿದರೆ, ನಡುವೆ ಕಳ್ಳನಾರೂ ಇಲ್ಲವೆಂದು ನಿಶ್ಚಯಿಸಬಹುದು. ಈ ಹೋಲಿಕೆಯನ್ನು ಮಾಡದೆ ‘ಹೌದು’ ಎಂದು ಒತ್ತಿ ಮುಂದುವರಿಯುವುದು ಸಾಮಾನ್ಯ ಅಭ್ಯಾಸ. ಆದರೆ ಅದು ಒಳ್ಳೆಯ ಅಭ್ಯಾಸವಲ್ಲ.

೬. ಹೊಸದೋ ಹಳೆಯದೋ ಎಂಬ ನಿರ್ಣಯ

ಮೇಲೆ ಹೇಳಿದ ಕೆಲಸಗಳಲ್ಲಿ ಕೆಲವನ್ನು ಪ್ರತಿ ಬೂಟಿನಲ್ಲಿಯೂ ಮಾಡಬಹುದು. ಕೆಲವನ್ನು ಒಂದೇ ಸಲ ಮಾಡಬೇಕು. ಕೀಲಿಗಳು ಪ್ರತಿ ಬೂಟಿನಲ್ಲಿಯೂ ಹೊಸದಾದರೆ ಯಂತ್ರದ ಗುರುತು ನಿಲ್ಲುವುದೇ ಇಲ್ಲ. ಹಾಗಾದರೆ ತಾನು ಈಗ ಹುಟ್ಟಿದ ಯಂತ್ರವೋ, ನಿದ್ರೆಯಿಂದ ಎದ್ದ ಹಳೆಯ ಯಂತ್ರವೋ ಎಂಬುದನ್ನು ಅದು ತಿಳಿಯುವ ಬಗೆಯೇನು? ಡಿಸ್ಕನ್ನು ನೋಡಿ ತಿಳಿಯಲಾಗದು. ನಕಲಿನ ಡಿಸ್ಕೂ ಹಳೆಯದರಂತೆಯೇ ಇರುವುದಷ್ಟೆ. ಆದುದರಿಂದ ನಿರ್ಣಯವು ಹೊರಗಿನಿಂದ ಬರಬೇಕು. ಮೆಟಾ-ಡೇಟಾದಲ್ಲಿ ‘ಇನ್‌ಸ್ಟೆನ್ಸ್-ಐಡಿ’ ಎಂಬ ಗುರುತು ಬರುವುದು. ಕ್ಲೌಡ್-ಇನಿಟ್ ಇದನ್ನು, ತಾನು ಹಿಂದಿನ ಸಲ ಡಿಸ್ಕಿನಲ್ಲಿ ಬರೆದಿಟ್ಟ ಗುರುತಿನೊಡನೆ ಹೋಲಿಸುವುದು. ಎರಡೂ ಒಂದೇ ಆದರೆ ಹಳೆಯ ಯಂತ್ರ; ಬೇರೆಯಾದರೆ ಹೊಸ ಯಂತ್ರ, ಒಂದೇ ಸಲದ ಕೆಲಸಗಳೆಲ್ಲ ಮತ್ತೆ ಆಗತಕ್ಕುವು.

ಇಡೀ ವ್ಯವಸ್ಥೆಯು ಈ ಒಂದು ಹೋಲಿಕೆಯ ಮೇಲೆ ನಿಂತಿರುವುದು; ಹೆಚ್ಚಿನ ತಪ್ಪುಗಳೂ ಇಲ್ಲಿಯೇ ಹುಟ್ಟುವುವು. ಡಿಸ್ಕಿನ ಮೂಲಕ ವಿವರಗಳನ್ನು ಕೊಡುವಾಗ ಈ ಗುರುತನ್ನು ನಾವೇ ಬರೆಯಬೇಕು. ಹಳೆಯ ಯಂತ್ರದ ಡಿಸ್ಕನ್ನು ನಕಲುಮಾಡಿ, ವಿವರಗಳ ಡಿಸ್ಕಿನಲ್ಲಿ ಹೆಸರನ್ನು ಮಾತ್ರ ಬದಲಾಯಿಸಿ ಗುರುತನ್ನು ಹಾಗೆಯೇ ಬಿಟ್ಟರೆ, ಹೊಸ ಯಂತ್ರವು ತಾನು ಹಳೆಯದೆಂದೇ ತಿಳಿದು ಕೀಲಿಗಳನ್ನು ಬದಲಾಯಿಸದೆ ಎದ್ದುನಿಲ್ಲುವುದು. ದೋಷವನ್ನು ಸೂಚಿಸುವ ಸಂದೇಶವೊಂದೂ ಕಾಣಿಸದು. ಎಲ್ಲವೂ ಸರಿಯಾಗಿ ನಡೆದಂತೆ ತೋರಿದರೂ, ಒಂದೇ ರಹಸ್ಯಕ್ಕೆ ಇಬ್ಬರು ಒಡೆಯರಾಗಿರುವರು. ಇದಕ್ಕೆ ವಿಪರೀತವಾಗಿ, ನಡೆಯುತ್ತಿರುವ ಯಂತ್ರದ ಗುರುತನ್ನು ಅಜಾಗರೂಕತೆಯಿಂದ ಬದಲಾಯಿಸಿದರೆ, ಕೀಲಿಗಳು ಹೊಸದಾಗಿ, ಅದನ್ನು ಬಳಸುತ್ತಿದ್ದವರಿಗೆಲ್ಲ ‘ಈ ಯಂತ್ರ ಹಿಂದಿನದಲ್ಲ’ ಎಂಬ ಎಚ್ಚರಿಕೆ ಕಾಣಿಸುವುದು.

ಮೌನವಾಗಿ ಸಂಭವಿಸುವ ಇನ್ನೊಂದು ತಪ್ಪು ಯೂಸರ್-ಡೇಟಾದ ತಲೆಬರಹವನ್ನು ಬಿಡುವುದು. ಆಗ ಕ್ಲೌಡ್-ಇನಿಟ್ ಅದನ್ನು ಅರ್ಥಮಾಡಿಕೊಳ್ಳಲಾರದೆ ದಾಖಲೆಯಲ್ಲಿ ಒಂದು ಸಾಲು ಬರೆದು ಮುಂದೆ ಸಾಗುವುದು. ಬಳಕೆದಾರನು ಕೊಟ್ಟ ಕೀಲಿ ಸೇರದಿದ್ದರೆ ಆ ದಾಖಲೆಯನ್ನು ಓದುವುದಕ್ಕೂ ಒಳಗೆ ಹೋಗುವ ದಾರಿಯಿರದು. ಫೆಡೋರಾ ಕೋರ್‌ಓಎಸ್‌ನಲ್ಲಿ ಬಳಸುವ ಇಗ್ನಿಶನ್ ಎಂಬ ಸಾಧನವು ಈ ವಿಷಯದಲ್ಲಿ ಬೇರೆಯ ಮಾರ್ಗವನ್ನು ಹಿಡಿದಿದೆ. ಅದು ಮೊದಲ ಬೂಟಿನಲ್ಲಿ ಮಾತ್ರ, ಮೂಲ ಕಡತವ್ಯವಸ್ಥೆ ಪೂರ್ಣವಾಗಿ ಏಳುವ ಮೊದಲೇ ಕೆಲಸಮಾಡುವುದು. ಹೇಳಿದುದನ್ನೆಲ್ಲ ನೆರವೇರಿಸಲಾಗದಿದ್ದರೆ ಯಂತ್ರವನ್ನು ಏಳಗೊಡಿಸುವುದೇ ಇಲ್ಲ. ಅರೆಸಿದ್ಧವಾದ ಯಂತ್ರಕ್ಕಿಂತ ಏಳದ ಯಂತ್ರವೇ ಲೇಸೆಂಬುದು ಅದರ ಮತ. ಕ್ಲೌಡ್-ಇನಿಟ್ ಆದರೋ, ಸಾಧ್ಯವಾದಷ್ಟನ್ನು ಮಾಡಿ ಯಂತ್ರವನ್ನು ಎಬ್ಬಿಸುವುದು. ಎರಡು ಮತಗಳಿಗೂ ತಕ್ಕ ಸಂದರ್ಭಗಳುಂಟು.

೭. ನಂಬಿಕೆ ಮತ್ತು ರಹಸ್ಯ

ಹೊಸ ಯಂತ್ರಕ್ಕೆ ಹಿಂದಿನ ಪರಿಚಯವೊಂದೂ ಇಲ್ಲದಿರುವುದರಿಂದ, ಆ ಗೊತ್ತಾದ ವಿಳಾಸದಿಂದ ಏನು ಬಂದರೂ ಅದನ್ನು ನಂಬಲೇಬೇಕು. ಎಂದರೆ ನಂಬಿಕೆಯ ಮೂಲವು ಹೈಪರ್‌ವೈಸರನ್ನು ನಡೆಸುವವರಲ್ಲಿ ನೆಲೆಸಿರುವುದು. ಇದು ಅನಿವಾರ್ಯ. ಆದರೆ ಆ ವಿಳಾಸವನ್ನು ಕ್ಲೌಡ್-ಇನಿಟ್ ಮಾತ್ರವೇ ಅಲ್ಲ, ಯಂತ್ರದ ಒಳಗಿರುವ ಯಾವ ಪ್ರೋಗ್ರಾಮಾದರೂ ಸಾಮಾನ್ಯವಾಗಿ ಕೇಳಬಲ್ಲುದು. ಹೊರಗಿನವನೊಬ್ಬನು ಒಳಗಿನ ಪ್ರೋಗ್ರಾಮನ್ನು ಮೋಸಗೊಳಿಸಿ ತನ್ನ ಪರವಾಗಿ ಕೇಳಿಸಿದರೆ ಆಗುವುದೇನು?

ಇದು ಕೇವಲ ಊಹೆಯಲ್ಲ. ಅಮೆರಿಕದ ಕ್ಯಾಪಿಟಲ್ ಒನ್ ಎಂಬ ಬ್ಯಾಂಕಿನವರು ೨೦೧೯ರ ಜುಲೈ ತಿಂಗಳಿನಲ್ಲಿ, ತಮ್ಮಲ್ಲಿದ್ದ ವಿವರಗಳು ಅನ್ಯರ ಪಾಲಾದುದನ್ನು ಪ್ರಕಟಿಸಿದರು. ಅಮೆರಿಕದ ಸುಮಾರು ಹತ್ತು ಕೋಟಿ ಜನರೂ ಕೆನಡಾ ದೇಶದ ಸುಮಾರು ೬೦ ಲಕ್ಷ ಜನರೂ ಇದಕ್ಕೆ ಗುರಿಯಾಗಿದ್ದರು. ಒಳಗಿನ ಒಂದು ಪ್ರೋಗ್ರಾಮಿನ ಮೂಲಕ ಮೆಟಾ-ಡೇಟಾದ ವಿಳಾಸವನ್ನು ಕೇಳಿಸಿ, ಅಲ್ಲಿ ದೊರೆತ ತಾತ್ಕಾಲಿಕ ಅಧಿಕಾರಪತ್ರಗಳಿಂದ ದಾಸ್ತಾನನ್ನು ಹೊಕ್ಕುದೇ ಇದರ ಕ್ರಮ. ಅದೇ ವರ್ಷದ ನವೆಂಬರಿನಲ್ಲಿ ಅಮೆಜಾನ್ ಸಂಸ್ಥೆಯವರು ಮೆಟಾ-ಡೇಟಾ ಸೇವೆಯ ಎರಡನೆಯ ಆವೃತ್ತಿಯನ್ನು ಹೊರತಂದರು. ಇದರಲ್ಲಿ ಕೇಳುವವನು ಮೊದಲು ಬೇರೊಂದು ಬಗೆಯ ವಿನಂತಿಯಿಂದ, ಹೆಚ್ಚೆಂದರೆ ೬ ಗಂಟೆಗಳ ಕಾಲ ಸಲ್ಲತಕ್ಕ ಟೋಕನನ್ನು ಪಡೆದು, ಅದನ್ನು ತೋರಿಸಿದ ಬಳಿಕವೇ ವಿವರಗಳನ್ನು ಪಡೆಯಬೇಕು. ಮೋಸಹೋದ ಪ್ರೋಗ್ರಾಮುಗಳು ಸಾಮಾನ್ಯವಾಗಿ ಒಂದು ವಿಳಾಸವನ್ನು ಓದಿತರಬಲ್ಲುವೇ ಹೊರತು ಇಂತಹ ಎರಡು ಹೆಜ್ಜೆಗಳನ್ನು ಇಡಲಾರವು.

ಇದರಿಂದ ಬಳಕೆದಾರನು ಕಲಿಯಬೇಕಾದುದು ಸ್ಪಷ್ಟವಾಗಿದೆ. ಗುಪ್ತಪದಗಳನ್ನೂ ದೀರ್ಘಕಾಲ ಸಲ್ಲತಕ್ಕ ಕೀಲಿಗಳನ್ನೂ ಯೂಸರ್-ಡೇಟಾದಲ್ಲಿ ಬರೆಯಕೂಡದು. ಅದು ಯಂತ್ರದ ಒಡೆಯನಿಗೆ ಮಾತ್ರ ತಿಳಿಯುವ ಗುಟ್ಟಿನ ಪತ್ರವಲ್ಲ. ಮನೆಯ ಒಳಗೋಡೆಯ ಮೇಲೆ ಅಂಟಿಸಿದ ಸೂಚನಾಪತ್ರ. ಬಹಿರಂಗಕೀಲಿಯನ್ನು ಅಲ್ಲಿ ಬರೆಯುವುದರಿಂದ ಹಾನಿಯಿಲ್ಲ, ಅದು ಬಹಿರಂಗವಾಗತಕ್ಕುದೇ ಆದುದರಿಂದ.

೮. ಉಪಸಂಹಾರ

ಈ ವ್ಯವಸ್ಥೆಗೆ ಒಂದು ಎಲ್ಲೆಯೂ ಉಂಟು. ನಡೆಯುತ್ತಿರುವ ಯಂತ್ರದ ಮೆಮೊರಿಯನ್ನೂ ಸೇರಿಸಿ ಚಿತ್ರಹಿಡಿದು, ಆ ಚಿತ್ರದಿಂದ ಎರಡು ಯಂತ್ರಗಳನ್ನು ಎಬ್ಬಿಸಿದರೆ ಅಲ್ಲಿ ಬೂಟೇ ನಡೆಯುವುದಿಲ್ಲ. ಕ್ಲೌಡ್-ಇನಿಟ್ಟಿಗೆ ಹೋಲಿಸಿ ನೋಡುವ ಅವಕಾಶವೇ ಬಾರದು. ಎರಡು ಯಂತ್ರಗಳ ಯಾದೃಚ್ಛಿಕ ಸಂಗ್ರಹಗಳೂ ಆಗ ಒಂದೇ ಆಗಿರುವುವು. ಹೈಪರ್‌ವೈಸರು ಇಂತಹ ಸಮಯದಲ್ಲಿ ಬದಲಾಯಿಸತಕ್ಕ ಒಂದು ಪೀಳಿಗೆಯ ಗುರುತನ್ನು ನೋಡಿಕೊಂಡು ಸಂಗ್ರಹವನ್ನು ಹೊಸದುಮಾಡುವ ಏರ್ಪಾಡು ೨೦೨೨ರಲ್ಲಿ ಹೊರಬಂದ ಲಿನಕ್ಸ್ ಕರ್ನಲ್ಲಿನ ೫.೧೮ನೆಯ ಆವೃತ್ತಿಯಲ್ಲಿ ಸೇರಿತು. ಬೂಟಿನ ಕಾಲದಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿ ಬೇರೊಂದು ಗಳಿಗೆಯಲ್ಲಿ ಕೇಳಿದಂತಾಯಿತು.

ಇದುವರೆಗೆ ಹೇಳಿದುದರಿಂದ ಹೊರಡುವ ಸಾರ ಇಷ್ಟು. ಮೂಲಪ್ರತಿಯನ್ನು ಸಿದ್ಧಪಡಿಸುವವನು ಅದರಲ್ಲಿ ವಿಶೇಷವಾದುದೊಂದನ್ನೂ ಉಳಿಸಕೂಡದು: ಯಂತ್ರದ ಗುರುತಿನ ಸಂಖ್ಯೆಯ ಕಡತವನ್ನು ಬರಿದುಮಾಡಬೇಕು, ಕೀಲಿಗಳನ್ನು ಅಳಿಸಬೇಕು, ಕ್ಲೌಡ್-ಇನಿಟ್ ಬರೆದಿಟ್ಟ ಹಳೆಯ ದಾಖಲೆಗಳನ್ನು ಅದರ ‘ಕ್ಲೀನ್’ ಆಜ್ಞೆಯಿಂದ ತೊಡೆಯಬೇಕು. ಯಂತ್ರವನ್ನು ಎಬ್ಬಿಸುವವನು ಒಂದೊಂದಕ್ಕೂ ಬೇರೆಯಾದ ಗುರುತನ್ನು ಕೊಡಬೇಕು, ಕೊಟ್ಟ ವಿವರಗಳಲ್ಲಿ ರಹಸ್ಯವನ್ನು ಸೇರಿಸಕೂಡದು. ಎದ್ದ ಬಳಿಕ, ಯಂತ್ರ ಎದ್ದಿತೆಂಬ ಮಾತ್ರಕ್ಕೆ ತೃಪ್ತಿಪಡದೆ, ಹೇಳಿದುದೆಲ್ಲ ನೆರವೇರಿತೇ ಎಂಬುದನ್ನು ‘ಸ್ಟೇಟಸ್’ ಆಜ್ಞೆಯಿಂದಲೂ ದಾಖಲೆಗಳಿಂದಲೂ ತಿಳಿಯಬೇಕು. ಪ್ರಕೃತಿಯಲ್ಲಿಯೇ ಪ್ರತ್ಯಯವು ಅಂಟಿಕೊಂಡಿದ್ದರೆ ಪದಗಳೆಲ್ಲ ಕೆಡುವುವು. ಸಾವಿರ ಯಂತ್ರಗಳಲ್ಲಿ ಒಂದೇ ಕೀಲಿಯಿದ್ದರೆ ಒಂದರ ಕಳವೇ ಸಾವಿರದ ಕಳವು.